ಮಕ್ಕಳ ಕಣ್ಣಿನ ನಂಬರ್‌ಗೆ ಡ್ರಾಪ್ಸ್: ಕೊಳ್ಳೋ ಮುಂಚೆ ಬಾಟಲಿ ಮೇಲಿನ ಸೊನ್ನೆ ಎಣಿಸಿ

ಶಾಲೆ ಶುರುವಾಗಿ ಒಂದೆರಡು ತಿಂಗಳು ಕಳೆದರೆ ಸಾಕು, ಪೇಟೆಯ ಕನ್ನಡಕದ ಅಂಗಡಿಗಳಿಗೆ ಮಕ್ಕಳನ್ನ ಕರ್ಕೊಂಡು ಬರೋ ಅಪ್ಪ-ಅಮ್ಮಂದಿರು ಜಾಸ್ತಿ ಆಗ್ತಾರೆ. ಬೋರ್ಡ್ ಮೇಲೆ ಬರೆದಿದ್ದು ಕಾಣ್ತಿಲ್ಲ ಅಂತ ಟೀಚರ್ ಡೈರಿಯಲ್ಲಿ ಬರೆದು ಕಳಿಸಿರ್ತಾರೆ. ಹೋದ ವರ್ಷ ಮೈನಸ್ ಒಂದು ಇದ್ದ ಮಗುವಿಗೆ ಈ ವರ್ಷ ಮೈನಸ್ ಒಂದೂಮುಕ್ಕಾಲು. ಗಾಜು ಬದಲಾಯಿಸಿಕೊಂಡು ಹೋಗೋದು ಹಳೇ ಕತೆ. ಈಗ ಅದರ ಜೊತೆ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ. ನಂಬರ್ ಏರದ ಹಾಗೆ ತಡೆಯೋ ಡ್ರಾಪ್ಸ್ ಬಂದಿದೆಯಂತಲ್ಲ, ನಮ್ಮಲ್ಲೂ ಸಿಗುತ್ತಾ?

ಸಿಗುತ್ತೆ. ಔಷಧದ ಹೆಸರು ಅಟ್ರೋಪಿನ್. ಇದು ಸುಳ್ಳು ಜಾಹೀರಾತಲ್ಲ, ಸಿಂಗಪುರ, ಹಾಂಗ್‌ಕಾಂಗ್, ಅಮೆರಿಕ, ನಮ್ಮ ದೆಹಲಿಯಲ್ಲೂ ಮಕ್ಕಳ ಮೇಲೆ ಪರೀಕ್ಷೆ ಮಾಡಿ ನೋಡಿದ ಔಷಧ. ಆದರೆ ಇದು ಇರೋ ನಂಬರ್ ತೆಗೆಯಲ್ಲ. ಏರೋ ವೇಗ ಕಡಿಮೆ ಮಾಡುತ್ತೆ ಅಷ್ಟೇ, ಅದೂ ಎಲ್ಲ ಮಕ್ಕಳಿಗೂ ಒಂದೇ ಥರ ಅಲ್ಲ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅಟ್ರೋಪಿನ್ ಅನ್ನೋ ಹೆಸರಿನಲ್ಲೇ ಮೆಡಿಕಲ್ ಶಾಪಿನಲ್ಲಿ ನೂರು ಪಟ್ಟು ತೀಕ್ಷ್ಣವಾದ ಇನ್ನೊಂದು ಔಷಧ ಇದೆ. ಅದರ ಬಗ್ಗೆ ಮುಂದೆ ಬರೀತೀನಿ, ಅದೊಂದು ಭಾಗ ಮಾತ್ರ ಓದದೆ ಬಿಡಬೇಡಿ.

ಕಣ್ಣು ಉದ್ದ ಆಗೋ ಕಾಯಿಲೆ

ಶಾಲಾ ಪುಸ್ತಕದಲ್ಲಿ ಇದಕ್ಕೆ ಸಮೀಪದೃಷ್ಟಿ ದೋಷ ಅಂತಾರೆ. ಹೆಸರು ಕೇಳಿ ಹತ್ತಿರದ್ದು ಕಾಣಲ್ಲ ಅಂದ್ಕೋಬೇಡಿ, ಉಲ್ಟಾ. ಹತ್ತಿರದ್ದು ಚೆನ್ನಾಗಿ ಕಾಣುತ್ತೆ, ದೂರದ್ದು ಮಂಜು. ಹೆಚ್ಚಿನ ಮಕ್ಕಳಲ್ಲಿ ಕಾರಣ ಒಂದೇ: ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಬೇಕಾದ್ದಕ್ಕಿಂತ ಉದ್ದ ಬೆಳೆದುಬಿಟ್ಟಿರುತ್ತೆ. ದೊಡ್ಡವರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದು ಮಿಲಿಮೀಟರ್ ಹೆಚ್ಚಾದರೆ ನಂಬರ್ ಸುಮಾರು ಎರಡೂವರೆಯಿಂದ ಮೂರರಷ್ಟು ಮೈನಸ್ ಕಡೆ ಹೋಗುತ್ತೆ. ಹೀಗೆ ಉದ್ದ ಆದ ಕಣ್ಣು ಮತ್ತೆ ಗಿಡ್ಡ ಆಗಲ್ಲ. ಕ್ಯಾರೆಟ್ ತಿಂದರೂ ಇಲ್ಲ, ಕಣ್ಣಿನ ವ್ಯಾಯಾಮ ಮಾಡಿದರೂ ಇಲ್ಲ. ದೊಡ್ಡವರಾದ ಮೇಲೆ ಲೇಸರ್ ಮಾಡಿಸಿಕೊಂಡು ಕನ್ನಡಕ ತೆಗೆದರೂ ಒಳಗಿನ ಉದ್ದ ಹಾಗೇ ಇರುತ್ತೆ.

ಕನ್ನಡಕ ಹಾಕಿದರೆ ಸರಿಯಾಗಿ ಕಾಣುತ್ತಲ್ಲ, ಮತ್ತೆ ಔಷಧ ಯಾಕೆ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಮೈನಸ್ ಎರಡು, ಮೂರರಲ್ಲೇ ನಿಂತರೆ ದೊಡ್ಡ ತೊಂದರೆ ಏನೂ ಇಲ್ಲ. ಐದು, ಆರು ದಾಟಿದ ಕಣ್ಣಿನ ಕತೆ ಬೇರೆ. ಕಣ್ಣು ಹಿಗ್ಗಿದ ಹಾಗೆ ಒಳಗಿನ ಪರದೆ, ಅಂದ್ರೆ ರೆಟಿನಾ, ತೆಳುವಾಗುತ್ತೆ. ಮುಂದೆ ನಲವತ್ತು, ಐವತ್ತರ ವಯಸ್ಸಿನಲ್ಲಿ ರೆಟಿನಾ ಕಳಚೋದು, ಗ್ಲಾಕೋಮಾ, ರೆಟಿನಾದ ನಡುಭಾಗ ಸವೆಯೋದು, ಇವೆಲ್ಲದರ ಅಪಾಯ ಇಂಥವರಿಗೆ ಜಾಸ್ತಿ. ಇವು ಕನ್ನಡಕದಿಂದ ಸರಿಹೋಗುವಂಥವಲ್ಲ. ಏಳು ವರ್ಷದ ಮಗುವಿನ ನಂಬರ್ ಬಗ್ಗೆ ಡಾಕ್ಟರ್ ಈಗಲೇ ತಲೆ ಕೆಡಿಸಿಕೊಳ್ಳೋದು ಇದಕ್ಕೆ. ಚಿಕ್ಕ ವಯಸ್ಸಿಗೇ ಶುರುವಾದರೆ ಏರೋಕೆ ಮುಂದೆ ವರ್ಷಗಳೂ ಜಾಸ್ತಿ ಇರ್ತವೆ.

ಒಂದು ಲೆಕ್ಕ ಹಾಕೋಣ. ಎಂಟನೇ ವಯಸ್ಸಿನಲ್ಲಿ ಮೈನಸ್ 1 ಇರೋ ಮಗುವಿಗೆ ವರ್ಷಕ್ಕೆ 0.75ರಂತೆ ಏರಿದರೆ ಹದಿನಾಲ್ಕಕ್ಕೆ ಮೈನಸ್ 5.5. ಏರಿಕೆ ಮೂರರಲ್ಲಿ ಒಂದು ಭಾಗ ಕಡಿಮೆ ಆದರೆ ಮೈನಸ್ 4. ಮೂರರಲ್ಲಿ ಎರಡು ಭಾಗ ಕಡಿಮೆ ಆದರೆ ಮೈನಸ್ 2.5. ಇದು ಕಾಗದದ ಮೇಲಿನ ಲೆಕ್ಕ. ನಿಜವಾಗಿ ವಯಸ್ಸಾದ ಹಾಗೆ ಏರಿಕೆ ತಾನಾಗೇ ನಿಧಾನ ಆಗುತ್ತೆ, ಔಷಧದ ಪರಿಣಾಮವೂ ಪ್ರತಿ ವರ್ಷ ಒಂದೇ ಥರ ಇರಲ್ಲ. ಆದರೂ ಯಾವುದಕ್ಕೋಸ್ಕರ ದುಡ್ಡು ಹಾಕ್ತಿದ್ದೀವಿ ಅನ್ನೋದು ಇದರಿಂದ ಗೊತ್ತಾಗುತ್ತೆ.

ಉಮ್ಮತ್ತಿ ಗಿಡದ ನಂಟು

ಅಟ್ರೋಪಿನ್ ಹೊಸ ರಾಸಾಯನಿಕ ಏನಲ್ಲ. ಯುರೋಪಿನ ಬೆಲಡೋನಾ ಗಿಡದಲ್ಲಿ ಇರೋದು ಇದೇ. ನಮ್ಮ ಹೊಲದ ಬದುವಿನಲ್ಲಿ ಬೆಳೆಯೋ, ಶಿವನಿಗೆ ಹೂ ಏರಿಸೋ ಉಮ್ಮತ್ತಿಯಲ್ಲೂ ಇದೆ. ಉಮ್ಮತ್ತಿ ಬೀಜ ತಿಂದವರ ಕಣ್ಣುಪಾಪೆ ಅಗಲವಾಗಿ, ಬಾಯಿ ಒಣಗಿ, ಏನೇನೋ ಬಡಬಡಿಸೋದನ್ನ ಹಳ್ಳಿಯವರು ನೋಡಿರ್ತಾರೆ. ಅದು ಈ ಔಷಧದ್ದೇ ಕೆಲಸ, ಪ್ರಮಾಣ ಮೀರಿದಾಗ. ಗಿಡದಲ್ಲೇ ಇದೆಯಲ್ಲ ಅಂತ ಎಲೆ ರಸ ಹಿಂಡಿ ಮಗುವಿನ ಕಣ್ಣಿಗೆ ಬಿಡೋ ಸಾಹಸ ಯಾರೂ ಮಾಡಬೇಡಿ. ಇದನ್ನೂ ಬರೀಬೇಕಾ ಅಂತ ಅನ್ನಿಸಬಹುದು, ಬರೀಬೇಕು.

ಮಕ್ಕಳ ನಂಬರ್ ತಡೆಯೋಕೆ ಇದು ಕೆಲಸ ಮಾಡುತ್ತೆ ಅಂತ ದೊಡ್ಡ ಮಟ್ಟದಲ್ಲಿ ತೋರಿಸಿದ್ದು ಸಿಂಗಪುರದವರು. 6ರಿಂದ 12 ವರ್ಷದ 400 ಮಕ್ಕಳ ಮೇಲೆ ನಡೆದ ಆ ಅಧ್ಯಯನ 2006ರಲ್ಲಿ ಪ್ರಕಟವಾಯ್ತು. ಶೇ.1ರ ಡ್ರಾಪ್ಸ್ ಹಾಕಿದ ಕಣ್ಣಿನಲ್ಲಿ ಎರಡು ವರ್ಷಕ್ಕೆ ನಂಬರ್ ಏರಿದ್ದು ಸರಾಸರಿ 0.28, ಬರೀ ನೀರಿನಂಥ ಡ್ರಾಪ್ಸ್ ಹಾಕಿದ ಮಕ್ಕಳಲ್ಲಿ 1.20. ಭಾರಿ ವ್ಯತ್ಯಾಸ. ಆದರೆ ಶೇ.1 ಹಾಕಿದರೆ ಪಾಪೆ ಅಗಲವಾಗಿ ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ, ಪುಸ್ತಕದ ಅಕ್ಷರ ಮಂಜಾಗುತ್ತೆ. ಮೇಲಾಗಿ ನಿಲ್ಲಿಸಿದ ಮೇಲೆ ನಂಬರ್ ಜೋರಾಗಿ ಓಡಿತು. ಹಾಗಾಗಿ ಅವರೇ ಎರಡನೇ ಸಲ ಕಡಿಮೆ ಪ್ರಮಾಣದಲ್ಲಿ ಪರೀಕ್ಷೆ ಮಾಡಿ, ಶೇ.0.01ರಲ್ಲಿ ತೊಂದರೆ ತೀರಾ ಕಡಿಮೆ, ನಿಲ್ಲಿಸಿದಾಗ ಏರೋದೂ ಕಡಿಮೆ ಅಂತ 2012ರಲ್ಲಿ ಹೇಳಿದರು. ಭಾರತದಲ್ಲಿ ಬೇರೆ ಬೇರೆ ಕಂಪನಿಗಳ ಶೇ.0.01 ಡ್ರಾಪ್ಸ್ ಬಂದಿರೋದು ಇದರ ಬೆನ್ನಿಗೇ.

ಆಮೇಲೆ ಜಗಳ ಶುರು. ಹಾಂಗ್‌ಕಾಂಗ್‌ನಲ್ಲಿ 438 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಔಷಧ ಇಲ್ಲದ ಮಕ್ಕಳ ನಂಬರ್ ಏರಿದ್ದು 0.81, ಶೇ.0.01 ಹಾಕಿದವರದು 0.59, ಶೇ.0.025ರವರದು 0.46, ಶೇ.0.05ರವರದು 0.27. ಅಂದರೆ ನಮ್ಮಲ್ಲಿ ಹೆಚ್ಚು ಬರೆಯೋ ಶೇ.0.01 ಈ ಸಾಲಿನಲ್ಲಿ ಎಲ್ಲಕ್ಕಿಂತ ದುರ್ಬಲ. 2023ರಲ್ಲಿ ಇನ್ನೂ ವಿಚಿತ್ರ. ಅಮೆರಿಕದ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಜೂನ್ ತಿಂಗಳು ಒಂದು ವರದಿ, ಜುಲೈ ತಿಂಗಳು ಇನ್ನೊಂದು. ಮೊದಲನೆಯದು ಮೂರು ವರ್ಷ ನಡೆದು ಶೇ.0.01 ಪರಿಣಾಮಕಾರಿ ಅಂದಿತು. ಎರಡನೆಯದು, ಅಮೆರಿಕದ 187 ಮಕ್ಕಳ ಮೇಲೆ ಎರಡು ವರ್ಷ ನಡೆದಿದ್ದು, ಅದೇ ಶೇ.0.01ಕ್ಕೂ ಔಷಧವಿಲ್ಲದ ಡ್ರಾಪ್ಸ್‌ಗೂ ವ್ಯತ್ಯಾಸವೇ ಕಾಣಲಿಲ್ಲ ಅಂದಿತು.

ನಮ್ಮ ದೇಶದ ಮಕ್ಕಳ ಮೇಲೂ ಒಂದು ಅಧ್ಯಯನ ಆಗಿದೆ. ದೆಹಲಿಯ ಏಮ್ಸ್ ವೈದ್ಯರ ನೇತೃತ್ವದಲ್ಲಿ 100 ಮಕ್ಕಳು, ಒಂದು ವರ್ಷ, ಶೇ.0.01. ಔಷಧ ಹಾಕಿದವರಲ್ಲಿ ಏರಿಕೆ 0.16, ಹಾಕದವರಲ್ಲಿ 0.35. ಸುಮಾರು ಅರ್ಧ ಉಳೀತು ಅನ್ನಬಹುದು. ಆದರೆ ಕಣ್ಣಿನ ಉದ್ದ ಅಳೆದಾಗ ಎರಡೂ ಗುಂಪಿನ ನಡುವೆ ಗಟ್ಟಿಯಾಗಿ ಹೇಳುವಷ್ಟು ಅಂತರ ಸಿಗಲಿಲ್ಲ. ಅಸಲು ಕಾಯಿಲೆ ಇರೋದೇ ಉದ್ದದಲ್ಲಿ ಅನ್ನೋದು ನೆನಪಿರಲಿ.

ಸರ್ಕಾರಗಳೂ ಒಂದೇ ದಾರಿ ಹಿಡಿದಿಲ್ಲ. ಚೀನಾ 2024ರಲ್ಲಿ ಶೇ.0.01ಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಕೊನೆಯಲ್ಲಿ ಜಪಾನ್ ಶೇ.0.025ಕ್ಕೆ ಕೊಟ್ಟಿತು. ನಮ್ಮಲ್ಲಿ ಶೇ.0.01ರ ಜೊತೆ ಈಗ ಶೇ.0.05 ಕೂಡ ಸಿಗ್ತಿದೆ. ಹಾಗಾಗಿ ಡಾಕ್ಟರ್ ಚೀಟಿ ಬರೆಯುವಾಗ ಎಷ್ಟು ಪರ್ಸೆಂಟ್, ಯಾಕೆ ಅದೇ, ಅಂತ ಕೇಳೋದು ತಪ್ಪಲ್ಲ. ಕೇಳಿದರೆ ಸಿಟ್ಟಾಗೋ ಡಾಕ್ಟರ್ ಹತ್ತಿರ ಎರಡು ವರ್ಷದ ಚಿಕಿತ್ಸೆ ಹೇಗೆ ತಾನೇ ನಡೆಯುತ್ತೆ?

ಮೆಡಿಕಲ್ ಶಾಪಿನವರಿಗೂ ಒಂದು ಮಾತು

ಈಗ ಮೊದಲೇ ಹೇಳಿದ ವಿಷಯ. ಅಟ್ರೋಪಿನ್ ಶೇ.1 ಡ್ರಾಪ್ಸ್ ಮತ್ತು ಮುಲಾಮು ಬಹಳ ಕಾಲದಿಂದ ಮೆಡಿಕಲ್ ಶಾಪಿನಲ್ಲಿದೆ. ಚಿಕ್ಕ ಮಕ್ಕಳ ನಂಬರ್ ಸರಿಯಾಗಿ ಅಳೆಯೋಕೆ ಮೂರು ದಿನ ಮನೆಯಲ್ಲಿ ಹಚ್ಚಿಕೊಂಡು ಬನ್ನಿ ಅಂತ ಕಣ್ಣಾಸ್ಪತ್ರೆಯವರು ಬರೆದು ಕೊಡ್ತಾರಲ್ಲ, ಅದೇ ಅದು. ಒಮ್ಮೆ ಹಾಕಿದರೆ ಪಾಪೆ ಮೊದಲಿನ ಸ್ಥಿತಿಗೆ ಬರೋಕೆ ವಾರ, ಎರಡು ವಾರ ಹಿಡಿಯುತ್ತೆ. ಅದು ದಿನಾ ಹಾಕೋ ಔಷಧ ಅಲ್ಲ.

ಶೇ.1 ಅಂದರೆ ಶೇ.0.01ರ ನೂರು ಪಟ್ಟು. 5 ಎಂಎಲ್ ಬಾಟಲಿಯಲ್ಲಿ ಶೇ.1 ಆದರೆ 50 ಮಿಲಿಗ್ರಾಂ ಅಟ್ರೋಪಿನ್ ಇರುತ್ತೆ, ಶೇ.0.01 ಆದರೆ ಅರ್ಧ ಮಿಲಿಗ್ರಾಂ. ಮಗುವಿನ ಹೊಟ್ಟೆಗೆ ಹೋದರೆ 10 ಮಿಲಿಗ್ರಾಂ, ಅದಕ್ಕಿಂತ ಕಡಿಮೆ ಕೂಡ, ಪ್ರಾಣಕ್ಕೆ ಬರಬಹುದು ಅಂತ ಔಷಧ ಶಾಸ್ತ್ರದವರು ಎಚ್ಚರಿಸ್ತಾರೆ. ಈಗ ಯೋಚನೆ ಮಾಡಿ. ಚೀಟಿ ಮನೆಯಲ್ಲೇ ಬಿಟ್ಟು ಅಪ್ಪ ಬಂದು ಅಟ್ರೋಪಿನ್ ಡ್ರಾಪ್ಸ್ ಕೊಡಿ, ಮಗುಗೆ ದಿನಾ ರಾತ್ರಿ ಹಾಕೋದು ಅಂತಾನೆ. ಕೌಂಟರ್‌ನಲ್ಲಿರೋ ಹುಡುಗ ಕಪಾಟಿನಲ್ಲಿ ಸಿಕ್ಕಿದ ಅಟ್ರೋಪಿನ್ ತೆಗೆದು ಕೊಡ್ತಾನೆ. ಇಬ್ಬರೂ ಹೇಳಿದ ಹೆಸರು ಸರಿ, ಬಾಟಲಿ ತಪ್ಪು.

ಇದು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧ. ಮಾಲೀಕರು ಮಾಡಬಹುದಾದ ಸುಲಭ ಕೆಲಸ, ಎರಡನ್ನೂ ಬೇರೆ ಬೇರೆ ಖಾನೆಯಲ್ಲಿ ಇಟ್ಟು ಶೇ.1ರ ಖಾನೆಗೆ ಕೆಂಪು ಪೆನ್ನಿನಲ್ಲಿ ಒಂದು ಚೀಟಿ ಅಂಟಿಸೋದು. ಕೊಳ್ಳೋರು ಬಾಟಲಿ ಮೇಲೆ 0.01 ಅಥವಾ 0.05 ಅಂತ ಇದೆಯಾ, ಚೀಟಿಯಲ್ಲಿರೋದೂ ಅದೇನಾ ಅಂತ ಅಂಗಡಿಯಲ್ಲೇ ನಿಂತು ನೋಡಿ. ನಾನು ಡಿಗ್ರಿ ಮುಗಿಸಿಲ್ಲ, ಆದರೆ ಸೊನ್ನೆ ಎಣಿಸೋಕೆ ಡಿಗ್ರಿ ಬೇಡ. ಮನೆಯಲ್ಲಿ ಹಿಂದೆ ಚೆಕಪ್‌ಗೆ ತಂದ ಶೇ.1ರ ಮುಲಾಮು ಉಳಿದಿದ್ದರೆ ಅದನ್ನ ಡ್ರಾಪ್ಸ್ ಇಡೋ ಜಾಗದಲ್ಲಿ ಇಡಬೇಡಿ. ಡ್ರಾಪ್ಸ್ ಹಾಕಿದ ಮೇಲೆ ಮಗುವಿನ ಮುಖ ಕೆಂಪಾದರೆ, ಮೈ ಬಿಸಿಯಾದರೆ, ಬಾಯಿ ಒಣಗಿ ಎದೆ ಜೋರಾಗಿ ಹೊಡ್ಕೊಂಡರೆ, ಮಗು ಗೊಂದಲದಲ್ಲಿ ಮಾತಾಡಿದರೆ ಬೆಳಗಾಗಲಿ ಅಂತ ಕಾಯದೆ ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಸರಿಯಾದ ಬಾಟಲಿ ಇದ್ದರೆ ಹಾಕೋದು ಸುಲಭ. ಸಾಮಾನ್ಯವಾಗಿ ರಾತ್ರಿ ಮಲಗೋ ಮುಂಚೆ ಎರಡೂ ಕಣ್ಣಿಗೆ ಒಂದೊಂದು ಹನಿ. ಆಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನ ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯೋದು ಕಡಿಮೆ ಆಗುತ್ತೆ.

ಇನ್ನೊಂದು ಗೊಂದಲ ಇದೆ. 2024ರಲ್ಲಿ ಕನ್ನಡಕ ಬೇಡ ಅನ್ನಿಸೋ ಡ್ರಾಪ್ಸ್ ಅಂತ ಟಿವಿಯಲ್ಲೆಲ್ಲ ಬಂತಲ್ಲ, ಅದು ಬೇರೆ. ಅದು ನಲವತ್ತು ದಾಟಿದವರಿಗೆ ಹತ್ತಿರದ್ದು ಓದೋಕೆ ಅಂತ ಮಾಡಿದ ಪೈಲೋಕಾರ್ಪಿನ್ ಅನ್ನೋ ಔಷಧ. ಪ್ರಚಾರ ಅತಿಯಾಯ್ತು ಅಂತ ಕೇಂದ್ರದ ಔಷಧ ನಿಯಂತ್ರಕರು ಅದೇ ಸೆಪ್ಟೆಂಬರ್‌ನಲ್ಲಿ ಅದರ ಅನುಮತಿಯನ್ನ ತಡೆಹಿಡಿದರು. ಮಕ್ಕಳ ವಿಷಯಕ್ಕೂ ಅದಕ್ಕೂ ಸಂಬಂಧ ಇಲ್ಲ.

ಅಳತೆ ಇಲ್ಲದೆ ಡ್ರಾಪ್ಸ್ ಹಾಕಿದರೆ

ಖರ್ಚಿನ ಮಾತಿಗೆ ಬರೋಣ. ತೆರೆದ ಬಾಟಲಿಯನ್ನ ಸುಮಾರು ಒಂದು ತಿಂಗಳಿಗೆ ಬಿಸಾಕಬೇಕು. ಚಿಕಿತ್ಸೆ ಕನಿಷ್ಠ ಎರಡು ವರ್ಷ ಅಂತ ಇಟ್ಟುಕೊಂಡರೆ 24 ಬಾಟಲಿ. ಅದರ ಮೇಲೆ ಆರು ತಿಂಗಳಿಗೊಮ್ಮೆ ಚೆಕಪ್, ಊರಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸು, ಅಪ್ಪನೋ ಅಮ್ಮನೋ ಒಂದು ದಿನದ ವ್ಯಾಪಾರ ಬಿಡೋದು. ಶುರು ಮಾಡಿ ನಾಲ್ಕು ತಿಂಗಳಿಗೆ ದುಡ್ಡು ಸಾಲದೆ ಬಿಟ್ಟರೆ ಹಾಕಿದ್ದೂ ವ್ಯರ್ಥ. ಜಾಸ್ತಿ ಪ್ರಮಾಣದ್ದನ್ನ ಥಟ್ಟನೆ ನಿಲ್ಲಿಸಿದರೆ ನಂಬರ್ ಮತ್ತೆ ಓಡೋ ಅಪಾಯ ಬೇರೆ.

ನನ್ನ ತಕರಾರು ದುಡ್ಡಿಗಿಂತ ಅಳತೆಯದು. ಈ ಔಷಧ ಕೆಲಸ ಮಾಡ್ತಿದೆಯಾ ಅಂತ ಮಗು ಹೇಳೋಕಾಗಲ್ಲ, ಅಮ್ಮ ನೋಡಿ ಹೇಳೋಕೂ ಆಗಲ್ಲ. ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ಅಳೆದ ನಂಬರ್ ಎರಡು ಬೇಕು, ಶುರುವಿನದು ಒಂದು, ಆರು ತಿಂಗಳ ನಂತರದ್ದು ಒಂದು. ಸಾಧ್ಯ ಆದರೆ ಕಣ್ಣಿನ ಉದ್ದದ ಅಳತೆಯೂ ಬೇಕು. ಪೊರೆ ಆಪರೇಷನ್‌ಗೆ ಮುಂಚೆ ಅಜ್ಜ-ಅಜ್ಜಿಯರ ಕಣ್ಣಿನ ಉದ್ದ ಅಳೀತಾರಲ್ಲ, ಅದೇ ಥರದ ಯಂತ್ರ. ಅದರಲ್ಲೂ ಕಣ್ಣಿಗೆ ತಾಗಿಸದೆ ಬೆಳಕಿನಿಂದ ಅಳೆಯೋದು ಮಕ್ಕಳಿಗೆ ಒಳ್ಳೇದು, ಅದು ಇರೋದು ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ. ತಾಲೂಕು ಮಟ್ಟದಲ್ಲಿ ಇದನ್ನ ನಿರೀಕ್ಷೆ ಮಾಡೋದು ಸದ್ಯಕ್ಕೆ ದೂರದ ಮಾತು. ಆದರೆ ಪಾಪೆ ಅಗಲಿಸಿ ನಂಬರ್ ಅಳೆದು ಬರೆದಿಡೋದಕ್ಕೆ ಬೆಂಗಳೂರಿನ ಮಿಂಟೋ ತನಕ ಹೋಗಬೇಕಾಗಿಲ್ಲ.

ಶಾಲೆಗಳಿಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ ತಂಡ, ಅಂದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು, ಬಂದು ಮಕ್ಕಳ ಕಣ್ಣು ನೋಡ್ತಾರೆ. ಸರ್ಕಾರದಿಂದ ಉಚಿತ ಕನ್ನಡಕವೂ ಸಿಗುತ್ತೆ. ಒಳ್ಳೆ ಕೆಲಸ. ಆದರೆ ಇದು ಕನ್ನಡಕ ಬೇಕಾ ಬೇಡವಾ ಅನ್ನೋ ಪ್ರಶ್ನೆಗೆ ಉತ್ತರ ಕೊಡುತ್ತೆ, ಹೋದ ವರ್ಷಕ್ಕಿಂತ ಎಷ್ಟು ಏರಿತು ಅನ್ನೋದಕ್ಕೆ ಅಲ್ಲ. ಪ್ರತಿ ಮಗುವಿನ ನಂಬರ್ ಮತ್ತು ದಿನಾಂಕ ಶಾಲೆಯ ದಾಖಲೆಯಲ್ಲಿ ಒಂದು ಸಾಲು ಬರೆದಿಟ್ಟರೆ ವರ್ಷಕ್ಕೆ ಅರ್ಧ ನಂಬರ್‌ಗಿಂತ ಜಾಸ್ತಿ ಏರ್ತಿರೋ ಮಕ್ಕಳು ಯಾರು ಅಂತ ಎರಡನೇ ವರ್ಷಕ್ಕೇ ಗೊತ್ತಾಗುತ್ತೆ. ಡಾಕ್ಟರ್ ಹತ್ತಿರ ಡ್ರಾಪ್ಸ್ ಬಗ್ಗೆ ಮೊದಲು ಮಾತಾಡಬೇಕಾದ್ದು ಆ ಮಕ್ಕಳ ಮನೆಯವರು. ಎರಡು ವರ್ಷದಿಂದ ಮೈನಸ್ 1ರಲ್ಲೇ ನಿಂತಿರೋ ಹದಿನೈದರ ಹುಡುಗನಿಗೆ ಇದು ಬೇಕಾಗೋದು ಅನುಮಾನ. ಈ ಒಂದು ಸಾಲಿನ ದಾಖಲೆಗೆ ಹೊಸ ಅನುದಾನ ಬೇಕಿಲ್ಲ. ಬಿಇಒ ಕಚೇರಿ, ತಾಲೂಕು ಆರೋಗ್ಯಾಧಿಕಾರಿ ಕಚೇರಿ ಕೂತು ಮಾತಾಡಿದರೆ ಆಗೋ ಕೆಲಸ. ಎಸ್‌ಡಿಎಂಸಿ ಸದಸ್ಯರು ಮುಂದಿನ ಸಭೆಯಲ್ಲಿ ಕೇಳಬಹುದು.

ಅಂಗಡಿ ಒಳಗೆ ಬೆಳೆಯೋ ಮಕ್ಕಳು

ಡ್ರಾಪ್ಸ್ ಬಗ್ಗೆ ಅಧ್ಯಯನಗಳು ಜಗಳಾಡ್ತಿವೆ. ಹೊರಗಿನ ಬೆಳಕಿನ ಬಗ್ಗೆ ಅಷ್ಟು ಜಗಳ ಇಲ್ಲ. ಚೀನಾದ ಗುವಾಂಗ್‌ಜೌನಲ್ಲಿ 12 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಾ 40 ನಿಮಿಷ ಹೆಚ್ಚುವರಿ ಹೊರಗಿನ ಚಟುವಟಿಕೆ ಕೊಟ್ಟರು. ಮೂರು ವರ್ಷಕ್ಕೆ ಆ ಗುಂಪಿನಲ್ಲಿ ಶೇ.30.4 ಮಕ್ಕಳಿಗೆ ಹೊಸದಾಗಿ ಮೈನಸ್ ಬಂತು, ಇನ್ನೊಂದರಲ್ಲಿ ಶೇ.39.5. ದೆಹಲಿಯ ಶಾಲೆಗಳಲ್ಲಿ ಏಮ್ಸ್‌ನವರು ನೋಡಿದಾಗ ಶೇ.13.1 ಮಕ್ಕಳಿಗೆ ಈ ದೋಷ ಇತ್ತು, ವಾರಕ್ಕೆ 14 ಗಂಟೆಗಿಂತ ಜಾಸ್ತಿ ಹೊರಗೆ ಇರೋ ಮಕ್ಕಳಲ್ಲಿ ಕಡಿಮೆ. ತೈವಾನ್ 2010ರಿಂದ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗೆ ಅನ್ನೋ ಕಾರ್ಯಕ್ರಮವನ್ನೇ ಮಾಡಿಕೊಂಡಿದೆ. ಒಂದು ಮಿತಿ ಇದೆ: ಹೊರಗಿನ ಬೆಳಕು ನಂಬರ್ ಬಾರದಂತೆ ತಡೆಯೋದರಲ್ಲಿ ಗಟ್ಟಿ, ಬಂದ ಮೇಲೆ ನಿಧಾನ ಮಾಡೋದರಲ್ಲಿ ಅಷ್ಟು ಗಟ್ಟಿ ಅಲ್ಲ. ಹಾಗಾಗಿ ಕನ್ನಡಕ ಬಂದ ಅಣ್ಣನಿಗಿಂತ ಇನ್ನೂ ಬಾರದ ತಂಗಿಗೆ ಇದು ಹೆಚ್ಚು ಮುಖ್ಯ.

ಇಲ್ಲಿ ನಮ್ಮ ಪೇಟೆಯ ಮಂದಿಗೆ ನೇರವಾಗಿ ಹೇಳಬೇಕು. ಶಾಲೆ ಬಿಟ್ಟ ಮಕ್ಕಳು ನಾಲ್ಕೂವರೆಗೆ ಸೀದಾ ಅಂಗಡಿಗೆ ಬರ್ತಾರೆ. ಗಲ್ಲಾ ಹಿಂದೆ, ಮೂಟೆಗಳ ಮಧ್ಯೆ, ಒಂದು ಟ್ಯೂಬ್‌ಲೈಟ್ ಕೆಳಗೆ ಕೂತು ಹೋಂವರ್ಕು, ಆಮೇಲೆ ಅಪ್ಪನ ಮೊಬೈಲು. ವ್ಯಾಪಾರದ ಹೊತ್ತು, ಬೀದಿಗೆ ಬಿಟ್ಟರೆ ಗಾಡಿಗಳ ಭಯ, ಹಾಗಾಗಿ ಕಣ್ಣೆದುರು ಕೂರಿಸಿಕೊಳ್ಳೋದು. ಬೈಯೋ ವಿಷಯ ಅಲ್ಲ ಇದು. ಆದರೆ ಹೊರಗಿನ ಬೆಳಕು ಮರದ ನೆರಳಿನಲ್ಲೂ ಅಂಗಡಿ ಒಳಗಿನದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಆರು ಗಂಟೆ ತನಕ ಮಕ್ಕಳನ್ನ ಶಾಲಾ ಮೈದಾನದಲ್ಲೇ ಬಿಟ್ಟು, ಓಣಿಯ ನಾಲ್ಕು ಮನೆಯವರು ಸರದಿ ಮೇಲೆ ಒಬ್ಬರು ನಿಂತರೆ ಆಯ್ತು. ಶಾಲೆಯವರೂ ಪಿಟಿ ಪಿರಿಯಡ್ ತೆಗೆದು ಗಣಿತಕ್ಕೆ ಕೊಡೋದು ನಿಲ್ಲಿಸಲಿ.

ಒಂದು ಹಳೇ ನಂಬಿಕೆಯನ್ನೂ ಬಿಡಬೇಕು. ಕನ್ನಡಕ ದಿನಾ ಹಾಕಿದರೆ ನಂಬರ್ ಏರುತ್ತೆ, ಅದಕ್ಕೆ ಸ್ವಲ್ಪ ಕಡಿಮೆ ನಂಬರಿನದು ಕೊಡಿ ಅಂತ ಅಂಗಡಿಯಲ್ಲಿ ಕೇಳೋರು ಈಗಲೂ ಇದ್ದಾರೆ. ಮಲೇಷ್ಯಾದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಬೇಕಂತಲೇ ಕಡಿಮೆ ನಂಬರ್ ಕೊಟ್ಟ ಮಕ್ಕಳಲ್ಲಿ ದೋಷ ಇನ್ನೂ ಬೇಗ ಏರಿತು. ಡ್ರಾಪ್ಸ್ ಹಾಕಲಿ ಬಿಡಲಿ, ಪೂರ್ತಿ ನಂಬರಿನ ಕನ್ನಡಕ ದಿನವಿಡೀ ಮೂಗಿನ ಮೇಲಿರಬೇಕು. ಏರಿಕೆ ತಡೆಯೋ ವಿಶೇಷ ಗಾಜುಗಳೂ ಬಂದಿವೆ, ಪರಿಣಾಮ ಚೆನ್ನಾಗೇ ಇದೆ, ಆದರೆ ಸಾಮಾನ್ಯ ಗಾಜಿಗಿಂತ ಬೆಲೆ ಬಹಳ ಹೆಚ್ಚು. ಹೊರಗೆ ಓಡಾಡೋ ಮಗು ಅದನ್ನ ಎಷ್ಟು ಸಲ ಒಡೆಯುತ್ತೋ ಲೆಕ್ಕ ಹಾಕಿಕೊಂಡು ಕೊಳ್ಳಿ.

ಡ್ರಾಪ್ಸ್ ಕೇಳೋಕೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗೋರು ಮಗುವಿನ ಹಳೇ ಚೀಟಿಗಳನ್ನೆಲ್ಲ ತಗೊಂಡು ಹೋಗಿ. ಎಷ್ಟು ವೇಗದಲ್ಲಿ ಏರ್ತಿದೆ ಅಂತ ತಿಳಿಯೋಕೆ ಡಾಕ್ಟರ್ ಮೊದಲು ಕೇಳೋದೇ ಅದು. ಚೀಟಿ ಕಳೆದುಹೋಗಿದ್ದರೆ ಹಳೇ ಕನ್ನಡಕವನ್ನಾದರೂ ಹುಡುಕಿ, ಕಾಲು ಮುರಿದಿದ್ದರೂ ಪರವಾಗಿಲ್ಲ. ಗಾಜು ಇದ್ದರೆ ಸಾಕು, ಆಗ ನಂಬರ್ ಎಷ್ಟಿತ್ತು ಅಂತ ಕನ್ನಡಕದ ಅಂಗಡಿಯವರು ಯಂತ್ರದಲ್ಲಿಟ್ಟು ಎರಡೇ ನಿಮಿಷದಲ್ಲಿ ಹೇಳ್ತಾರೆ.